ಅಜ್ಜನ ಸ್ಟುಡಿಯೋದ 400 ನೆಗೆಟಿವ್, ಒಂದೂ ನೆಟ್ಟಗಿಲ್ಲ. ಮಾಡೆಲ್‌ಗೆ ಏನನ್ನು ತೋರಿಸಿ ಕಲಿಸುವುದು?

ಕಲ್ಯಾಣಪುರ_ಮಾಣಿ · ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜನಿಗೆ ಉಡುಪಿಯಲ್ಲಿ ಸಣ್ಣ ಫೋಟೋ ಸ್ಟುಡಿಯೋ ಇತ್ತು. ಹಗಲು ಮದುವೆ ಫೋಟೋ, ಪಾಸ್‌ಪೋರ್ಟ್ ಫೋಟೋ. ರಾತ್ರಿ ಎಲ್ಲಾದರೂ ಯಕ್ಷಗಾನದ ಆಟ ಇದ್ದರೆ ಕ್ಯಾಮರಾ ಹೆಗಲಿಗೆ ಹಾಕಿಕೊಂಡು ಗದ್ದೆ ದಾರಿ ಹಿಡಿಯುತ್ತಿದ್ದರು. 1968ರಿಂದ 1979ರವರೆಗಿನ ಯಕ್ಷಗಾನದ ನೆಗೆಟಿವ್‌ಗಳು ಅಟ್ಟದ ಕಬ್ಬಿಣದ ಟ್ರಂಕಿನಲ್ಲಿ ಸಿಕ್ಕಿವೆ. ಸುಮಾರು 400. ಎಲ್ಲ 120 ಅನ್ನುವ ಅಳತೆಯ ಅಗಲ ಫಿಲ್ಮ್, ಕಪ್ಪು ಬಿಳುಪು.

ನಮ್ಮ ಊರಿನ ಮಳೆಗಾಲ ಗೊತ್ತಲ್ವಾ. ಎಲ್ಲದರ ಮೇಲೂ ಬೂಷ್ಟು, ಗೀರು, ಕಲೆ. ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ 2400 ಡಿಪಿಐಗೆ ಸ್ಕ್ಯಾನ್ ಮಾಡಿದೆ. ಅದರ ಮೇಲೆ ಸ್ಕ್ಯಾನರಿನ ನಾಯ್ಸ್ ಬೇರೆ, ಮರಳು ಎರಚಿದಂಥ ಚುಕ್ಕಿಗಳು.

ಉದಾಹರಣೆ ತೋರಿಸಿದರೆ ಚಿತ್ರ ಸರಿ ಮಾಡಲು ಕಲಿಯುವ ಎಐ ಮಾಡೆಲ್ ಒಂದನ್ನು ಟ್ರೈನ್ ಮಾಡೋಣ ಅಂತ ಕೂತೆ. ಓದಿದ್ದರಲ್ಲೆಲ್ಲ ಒಂದೇ ಮಾತು: ಹಾಳಾದ ಚಿತ್ರ ಒಂದು, ಅದರದೇ ಸ್ವಚ್ಛ ಚಿತ್ರ ಒಂದು, ಹೀಗೆ ಜೋಡಿ ಬೇಕು. ನನ್ನಲ್ಲಿ ಸ್ವಚ್ಛ ಚಿತ್ರ ಎಲ್ಲಿಂದ ಬರಬೇಕು? ಇಂಟರ್ನೆಟ್ಟಿನ ಒಳ್ಳೆಯ ಫೋಟೋಗಳಿಗೆ ನಾನೇ ನಾಯ್ಸ್ ಸೇರಿಸಿ ಟ್ರೈನ್ ಮಾಡಿದೆ. ಪರೀಕ್ಷೆಯ ಚಿತ್ರಗಳಲ್ಲಿ ಚೆನ್ನಾಗಿ ಬಂತು. ಅಜ್ಜನ ಫೋಟೋ ಕೊಟ್ಟರೆ ಮುಖಗಳು ಮೇಣ ಸವರಿದ ಹಾಗೆ ಆದವು. ಕಸೆ ಸೀರೆಯ ಚೌಕುಳಿಯೇ ಮಾಯ.

ಸ್ವಚ್ಛ ಚಿತ್ರ ಒಂದೂ ಇಲ್ಲದೆ ಕಲಿಸುವ ದಾರಿ ಇದೆಯಾ? ಈ ವೇಷ ಹಾಕಿದವರಲ್ಲಿ ಹೆಚ್ಚಿನವರು ಈಗ ಇಲ್ಲ. ಅವರ ಮನೆಯವರು ಫೋಟೋ ಕೇಳುತ್ತಿದ್ದಾರೆ. ಹೇಗಾದರೂ ಮಾಡಿ ಕೊಡಬೇಕು.

ಕೋಡ್_ಕೊಟ್ಟಾರ · ಭಾನುವಾರ ಬೆಳಿಗ್ಗೆ

ಟ್ರೈನ್ ಮಾಡುವ ಕಷ್ಟ ಯಾಕೆ? ಮುಖ ಸರಿ ಮಾಡುವ ರೆಡಿ ಮಾಡೆಲ್‌ಗಳು ಬೇಕಾದಷ್ಟಿವೆ. ಜಿಎಫ್‌ಪಿಗ್ಯಾನ್, ಕೋಡ್‌ಫಾರ್ಮರ್. ಹಾಕಿ, ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ಕುಂದಾಪ್ರ_ಅಕ್ಕ · ಭಾನುವಾರ ಮಧ್ಯಾಹ್ನ

ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ಅಜ್ಜಿಯ ಇದ್ದದ್ದೊಂದೇ ಫೋಟೋವನ್ನು ತಮ್ಮ ಅಂಥದೇ ಒಂದು ಆಪ್‌ಗೆ ಹಾಕಿದ. ಹೊಳೆಯುವ ಮುಖ ಬಂತು. ಎರಡೂ ಬದಿಯ ಮೂಗುಬೊಟ್ಟು ಹೋಗಿತ್ತು. ಎಡಗಣ್ಣು ಸ್ವಲ್ಪ ಸಣ್ಣದಿತ್ತು ಅಜ್ಜಿಗೆ, ಅದನ್ನೂ ಸಮ ಮಾಡಿಬಿಟ್ಟಿತ್ತು. ಅಮ್ಮ ನೋಡಿ "ಇದ್ಯಾರು?" ಅಂತ ಕೇಳಿದರು. ಅಮ್ಮನಿಗೆ ತನ್ನ ಅಮ್ಮನ ಗುರುತು ಸಿಗಲಿಲ್ಲ. ಅದಕ್ಕಿಂತ ಕಲೆ ಇರುವ ಫೋಟೋವೇ ವಾಸಿ.

ಸುರತ್ಕಲ್_ಕಡಲು · ಭಾನುವಾರ ಮಧ್ಯಾಹ್ನ

ಅಕ್ಕ ಹೇಳಿದ್ದು ಸರಿ. ಜಿಎಫ್‌ಪಿಗ್ಯಾನ್ ಕಲಿತದ್ದು ಎಫ್‌ಎಫ್‌ಎಚ್‌ಕ್ಯೂ ಅನ್ನುವ ಸಂಗ್ರಹದಿಂದ. ಫ್ಲಿಕರ್‌ನಿಂದ ತೆಗೆದ 70,000 ಮುಖಗಳು. ಅದರಲ್ಲಿ ಯಕ್ಷಗಾನದ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಎಲ್ಲಿಂದ ಬರಬೇಕು? ಗೊತ್ತಿಲ್ಲದ ಜಾಗದಲ್ಲಿ ಅದು ತನಗೆ ಗೊತ್ತಿರುವ ಮುಖವನ್ನು ತುಂಬುತ್ತದೆ.

ಮಾಣಿ, ನಿಮ್ಮ ಪ್ರಶ್ನೆಗೆ ಉತ್ತರ ಉಂಟು. 2018ರಲ್ಲಿ ನಾಯ್ಸ್2ನಾಯ್ಸ್ ಅಂತ ಒಂದು ಕೆಲಸ ಬಂತು, ಎನ್ವಿಡಿಯಾದವರ ತಂಡದ್ದು. ಒಂದೇ ದೃಶ್ಯದ ಎರಡು ಹಾಳು ಪ್ರತಿ ಇದ್ದರೆ ಸಾಕು, ಸ್ವಚ್ಛ ಪ್ರತಿ ಬೇಡ. ಮೊದಲನೆಯದನ್ನು ಮಾಡೆಲ್‌ಗೆ ಕೊಟ್ಟು "ಎರಡನೆಯದು ಹೇಗಿದೆ ಹೇಳು" ಅನ್ನುವುದು. ಎರಡನೆಯದರ ನಾಯ್ಸ್ ಹೇಗಿರುತ್ತದೆ ಅಂತ ಅದಕ್ಕೆ ಊಹಿಸಲು ಸಾಧ್ಯವೇ ಇಲ್ಲ. ಒಮ್ಮೆ ಮೇಲೆ, ಒಮ್ಮೆ ಕೆಳಗೆ. ವ್ಯತ್ಯಾಸದ ವರ್ಗ ತೆಗೆದು ತಪ್ಪಿನ ಲೆಕ್ಕ ಹಾಕುತ್ತೇವಲ್ಲ, ಆ ಲೆಕ್ಕದಲ್ಲಿ ಅತಿ ಕಡಿಮೆ ಪೆಟ್ಟು ಬೀಳುವುದು ಸರಾಸರಿ ಹೇಳಿದರೆ. ನಾಯ್ಸ್‌ನ ಸರಾಸರಿ ಸೊನ್ನೆ. ಉಳಿಯುವುದು ಚಿತ್ರ.

ಒಂದೊಂದು ನೆಗೆಟಿವ್ ಎರಡು ಸಲ ಸ್ಕ್ಯಾನ್ ಮಾಡಿ. ಅಷ್ಟೇ ಬೇಕಾದದ್ದು.

ಮಣಿಪಾಲ_ಮೈಕ್ರೋಸ್ಕೋಪ್ · ಭಾನುವಾರ ಸಂಜೆ

ಒಂದು ತಿದ್ದುಪಡಿ. "ಉಳಿಯುವುದು ಚಿತ್ರ" ಅಂದರೆ ಸ್ವಲ್ಪ ಜಾಸ್ತಿ ಆಯಿತು. ಆ ಹಾಳು ಪ್ರತಿಯ ಹಿಂದೆ ಇರಬಹುದಾದ ಎಲ್ಲ ಚಿತ್ರಗಳ ಸರಾಸರಿ ಉಳಿಯುತ್ತದೆ. ಮಾಹಿತಿ ನಿಜವಾಗಿಯೂ ಕಳೆದುಹೋದ ಕಡೆ ಮಾಡೆಲ್ ಮಸುಕು ಕೊಡುತ್ತದೆ. ಅದು ಒಳ್ಳೆಯದೇ. ಗೊತ್ತಿಲ್ಲ ಅನ್ನುವುದನ್ನು ಮಸುಕಾಗಿಯೇ ತೋರಿಸುತ್ತದೆ, ಕಥೆ ಕಟ್ಟುವುದಿಲ್ಲ.

ನಮ್ಮ ಕೆಲಸದಲ್ಲಿ ಇದು ದಿನನಿತ್ಯದ ಸಮಸ್ಯೆ. ಜೀವಂತ ಕೋಶದ ಮೇಲೆ ಜಾಸ್ತಿ ಬೆಳಕು ಬಿಟ್ಟರೆ ಅದು ಸಾಯುತ್ತದೆ. ಕಡಿಮೆ ಬೆಳಕಿನಲ್ಲಿ ತೆಗೆದರೆ ನಾಯ್ಸ್. ಅದು ಓಡಾಡುತ್ತಲೂ ಇರುತ್ತದೆ, ಹಾಗಾಗಿ ಎರಡನೇ ಪ್ರತಿಯೂ ಕಷ್ಟ. ಅದಕ್ಕೆ ನಾವು ಬಳಸುವುದು ನಾಯ್ಸ್2ವಾಯ್ಡ್, 2019ರದ್ದು. ಒಂದೇ ಹಾಳು ಚಿತ್ರ ಸಾಕು. ಒಂದು ಪಿಕ್ಸೆಲ್ ಮುಚ್ಚಿ, ಸುತ್ತಲಿನ ಪಿಕ್ಸೆಲ್ ನೋಡಿ ಅದನ್ನು ಹೇಳು ಅನ್ನುವುದು. ಚಿತ್ರ ಅಕ್ಕಪಕ್ಕಕ್ಕೆ ಸಂಬಂಧ ಇಟ್ಟುಕೊಂಡಿರುತ್ತದೆ, ನಾಯ್ಸ್ ಇಟ್ಟುಕೊಂಡಿರುವುದಿಲ್ಲ. ಎರಡೆರಡು ಸಲ ಸ್ಕ್ಯಾನ್ ಮಾಡುವ ಕಷ್ಟ ಬೇಡ. ಅದನ್ನೇ ಹಾಕಿ ನೋಡಿ.

ಮುಂಡಾಸು_ಪ್ರಿಯ · ಭಾನುವಾರ ಸಂಜೆ

ನನಗೆ ಕಂಪ್ಯೂಟರ್ ಗೊತ್ತಿಲ್ಲ, ಆಟ ಗೊತ್ತು. ಒಂದು ಸಂಶಯ. ಅಕ್ಕಪಕ್ಕಕ್ಕೆ ಸಂಬಂಧ ಇಲ್ಲದ ಚುಕ್ಕಿ ಎಲ್ಲ ಕಸ ಅಂತ ತೆಗೆದರೆ ಬಣ್ಣದ ವೇಷದ ಚುಟ್ಟಿಯ ಗತಿ ಏನು? ತೆಂಕಿನ (ಯಕ್ಷಗಾನದ ದಕ್ಷಿಣದ ಶೈಲಿ) ರಾಕ್ಷಸ ವೇಷಕ್ಕೆ ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಬಿಳಿ ಮುಳ್ಳು ಇಡುತ್ತಾರೆ. ಗಂಟೆಗಟ್ಟಲೆ ಚೌಕಿಯಲ್ಲಿ ಕೂತು ಇಡುವುದು. ಅದು ಕಪ್ಪು ಕೆಂಪಿನ ಮೇಲೆ ಬಿಳಿ ಚುಕ್ಕಿ. ನಿಮ್ಮ ಯಂತ್ರಕ್ಕೆ ಅದೂ ಕಸವೇ ಅಲ್ವಾ?

ಮಣಿಪಾಲ_ಮೈಕ್ರೋಸ್ಕೋಪ್ · ಭಾನುವಾರ ರಾತ್ರಿ

ತುಂಬ ಒಳ್ಳೆಯ ಪ್ರಶ್ನೆ. ಚುಕ್ಕಿ ಎಷ್ಟು ಪಿಕ್ಸೆಲ್ ಅಗಲ ಉಂಟು ಅನ್ನುವುದರ ಮೇಲೆ ಹೋಗುತ್ತದೆ. ಒಂದೇ ಪಿಕ್ಸೆಲ್ ಆದರೆ ಖಂಡಿತ ತಿಂದುಹಾಕುತ್ತದೆ.

ಸುರತ್ಕಲ್_ಕಡಲು · ಭಾನುವಾರ ರಾತ್ರಿ

ಲೆಕ್ಕ ಹಾಕಿಯೇ ಬಿಡೋಣ. 2400 ಡಿಪಿಐ ಅಂದರೆ ಫಿಲ್ಮಿನ ಒಂದು ಮಿಲಿಮೀಟರಿಗೆ ಸುಮಾರು 94 ಪಿಕ್ಸೆಲ್. ವೇಷಧಾರಿ ಒಬ್ಬನೇ ನಿಂತ ಫೋಟೋ, ಫಿಲ್ಮಿನ ಮೇಲೆ 40 ಮಿಲಿಮೀಟರ್ ಎತ್ತರ ಅಂದುಕೊಳ್ಳಿ. ಮನುಷ್ಯ 180 ಸೆಂಟಿಮೀಟರ್. ಅಂದರೆ 45 ಪಟ್ಟು ಸಣ್ಣದು. 4 ಮಿಲಿಮೀಟರ್ ಚುಟ್ಟಿ ಫಿಲ್ಮಿನಲ್ಲಿ 0.09 ಮಿಲಿಮೀಟರ್. ಸುಮಾರು 8 ಪಿಕ್ಸೆಲ್. ಬಚಾವ್.

ರಂಗಸ್ಥಳ ಪೂರ್ತಿ ಹಿಡಿದ ಫೋಟೋದಲ್ಲಿ ಅದೇ ವೇಷ 10 ಮಿಲಿಮೀಟರ್ ಇರಬಹುದು. ಅಲ್ಲಿ ಚುಟ್ಟಿ ಎರಡೇ ಪಿಕ್ಸೆಲ್. ಅಲ್ಲಿ ಮುಂಡಾಸು ಅಣ್ಣ ಹೇಳಿದ್ದೇ ಆಗುತ್ತದೆ.

ಅದಕ್ಕೇ ನಾನು ಎರಡು ಸ್ಕ್ಯಾನ್ ಅನ್ನುವುದು. ಚುಟ್ಟಿ ಎರಡೂ ಸ್ಕ್ಯಾನಿನಲ್ಲಿ ಅದೇ ಜಾಗದಲ್ಲಿ ಇರುತ್ತದೆ. ನಾಯ್ಸ್ ಇರುವುದಿಲ್ಲ. ಮಾಡೆಲ್‌ಗೆ ವ್ಯತ್ಯಾಸ ಗೊತ್ತಾಗಲು ಅದೊಂದೇ ಸಾಕ್ಷಿ.

ಸ್ಟುಡಿಯೋ_ಬಿಜೈ · ಸೋಮವಾರ ಬೆಳಿಗ್ಗೆ

ನಾನು 31 ವರ್ಷ ಡಾರ್ಕ್‌ರೂಮಿನಲ್ಲಿ ಕೆಲಸ ಮಾಡಿದವನು. ಒಂದು ವಿಷಯ ಯಾರೂ ಹೇಳಲಿಲ್ಲ. ಎರಡು ಸಲ ಅಲ್ಲ, ಇಪ್ಪತ್ತು ಸಲ ಸ್ಕ್ಯಾನ್ ಮಾಡಿದರೂ ಬೂಷ್ಟು ಅಲ್ಲೇ ಇರುತ್ತದೆ. ಅದು ಫಿಲ್ಮಿನ ಮೇಲೆ ಕೂತದ್ದು. ಗೀರೂ ಹಾಗೆಯೇ. ನಿಮ್ಮ ಮಾಡೆಲ್‌ಗೆ ಅದು ಚುಟ್ಟಿಯ ಹಾಗೇ ಕಾಣುತ್ತದೆ. ಎರಡು ಪ್ರತಿಯಲ್ಲೂ ಇದ್ದದ್ದು ಚಿತ್ರ ಅಂತ ತಾನೇ ನಿಮ್ಮ ನಿಯಮ?

ಮತ್ತೆ ಮಾಣಿ, ಸ್ಕ್ಯಾನರಿನಲ್ಲಿ ಧೂಳು ತೆಗೆಯುವ ಇನ್‌ಫ್ರಾರೆಡ್ ಬಟನ್ ಇದ್ದರೆ ಅದನ್ನು ಮುಟ್ಟಬೇಡಿ. ಕಲರ್ ಫಿಲ್ಮಿನ ಬಣ್ಣದ ಪದರದೊಳಗಿಂದ ಇನ್‌ಫ್ರಾರೆಡ್ ದಾಟಿ ಹೋಗುತ್ತದೆ, ಧೂಳಿಗೆ ಮಾತ್ರ ತಡೆಯುತ್ತದೆ. ಕಪ್ಪು ಬಿಳುಪಿನಲ್ಲಿ ಚಿತ್ರವೇ ಬೆಳ್ಳಿ. ಬೆಳ್ಳಿ ಇನ್‌ಫ್ರಾರೆಡ್ ತಡೆಯುತ್ತದೆ. ಯಂತ್ರ ಚಿತ್ರವನ್ನೇ ಧೂಳು ಅಂದುಕೊಂಡು ಅಳಿಸುತ್ತದೆ.

ನೀರಿನಲ್ಲಿ ತೊಳೆಯಬೇಡಿ. ಬೂಷ್ಟು ತಿಂದ ಜೆಲಟಿನ್ ನೀರಿಗೆ ಕರಗಿ ಹೋಗುತ್ತದೆ. ಟ್ರಂಕ್ ತೆರೆದಾಗ ವಿನೆಗರ್ ವಾಸನೆ ಬರುತ್ತದಾ? ಬಂದರೆ ಆ ರೋಲ್ ಬೇರೆ ಇಡಿ, ಮೊದಲು ಅದನ್ನೇ ಸ್ಕ್ಯಾನ್ ಮಾಡಿ.

ಕಲ್ಯಾಣಪುರ_ಮಾಣಿ · ಸೋಮವಾರ ಮಧ್ಯಾಹ್ನ

ಸರ್, ಮೂರು ಕವರ್‌ನಲ್ಲಿ ವಾಸನೆ ಇದೆ. ಇವತ್ತೇ ಬೇರೆ ಮಾಡುತ್ತೇನೆ. ಇನ್‌ಫ್ರಾರೆಡ್ ಬಟನ್ ಒತ್ತಿಯೇ ಐವತ್ತು ಸ್ಕ್ಯಾನ್ ಮಾಡಿದ್ದೆ. ಜರಿಯ ಅಂಚೆಲ್ಲ ಕಿತ್ತ ಹಾಗೆ ಯಾಕೆ ಕಾಣುತ್ತದೆ ಅಂತ ಈಗ ಗೊತ್ತಾಯಿತು.

ಬೂಷ್ಟಿನ ಮಾತು ಕೇಳಿ ಸ್ವಲ್ಪ ಬೇಸರ ಆಯಿತು. ಹಾಗಾದರೆ ದಾರಿ ಇಲ್ಲವಾ?

ಕೋಡ್_ಕೊಟ್ಟಾರ · ಸೋಮವಾರ ಮಧ್ಯಾಹ್ನ

ನಾನು ಮೊದಲು ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳುತ್ತೇನೆ, ಚುಟ್ಟಿಯ ಮಾತು ಕೇಳಿದ ಮೇಲೆ. ಆದರೆ ಇದು ಎರಡು ಬೇರೆ ಬೇರೆ ಸಮಸ್ಯೆ ಅಂತ ಒಪ್ಪಿಕೊಂಡು ಬೇರೆ ಬೇರೆ ಮಾಡಿದರೆ ಆಗುವುದಿಲ್ಲವಾ? ಸ್ಕ್ಯಾನಿಗೊಮ್ಮೆ ಬದಲಾಗುವ ಕಸಕ್ಕೆ ಒಂದು ಮಾಡೆಲ್. ಫಿಲ್ಮಿಗೆ ಅಂಟಿದ ಕಸಕ್ಕೆ ಇನ್ನೊಂದು.

ಸುರತ್ಕಲ್_ಕಡಲು · ಸೋಮವಾರ ಸಂಜೆ

ಅದೇ ಸರಿ. ಬಿಜೈ ಸರ್ ಹೇಳಿದ್ದು ನೂರಕ್ಕೆ ನೂರು ನಿಜ, ನಾನು ಮೊದಲೇ ಹೇಳಬೇಕಿತ್ತು. ಪ್ರತಿಯಿಂದ ಪ್ರತಿಗೆ ಯಾವುದು ಬದಲಾಗುತ್ತದೋ ಅದನ್ನು ಮಾತ್ರ ಈ ಜಾತಿಯ ಮಾಡೆಲ್ ತೆಗೆಯಬಲ್ಲದು.

ಹಾಗಾಗಿ ಬದಲಾಯಿಸಬಹುದಾದದ್ದನ್ನೆಲ್ಲ ನಾವೇ ಬದಲಾಯಿಸೋಣ. ಮೊದಲ ಸ್ಕ್ಯಾನ್ ಆದ ಮೇಲೆ ಗಾಜು ಒರೆಸಿ, ಬ್ಲೋವರ್‌ನಲ್ಲಿ ಫಿಲ್ಮಿನ ಧೂಳು ಊದಿ, ಫಿಲ್ಮನ್ನು ತಿರುಗಿಸಿ 180 ಡಿಗ್ರಿಗೆ ಇಡಿ. ಫ್ಲಾಟ್‌ಬೆಡ್‌ನಲ್ಲಿ ಸೆನ್ಸರ್ ಒಂದು ಗೆರೆ ಮಾತ್ರ, ಅದು ಜಾರುತ್ತಾ ಹೋಗುತ್ತದೆ. ಅದರಲ್ಲಿ ಒಂದು ಕಣ್ಣು ಸರಿ ಇಲ್ಲದಿದ್ದರೆ ಚಿತ್ರದುದ್ದಕ್ಕೂ ಪಟ್ಟೆ ಬರುತ್ತದೆ. ಫಿಲ್ಮ್ ಅಲ್ಲಾಡಿಸದೆ ಎರಡು ಸಲ ತೆಗೆದರೆ ಪಟ್ಟೆ ಎರಡರಲ್ಲೂ ಅದೇ ಜಾಗದಲ್ಲಿ. ತಿರುಗಿಸಿದರೆ ಬೇರೆ ಜಾಗಕ್ಕೆ ಹೋಗುತ್ತದೆ, ಮಾಡೆಲ್ ಅದನ್ನು ಕಸ ಅಂತ ಗುರುತಿಸುತ್ತದೆ.

ಧೂಳಿಗೆ ಒಂದು ಎಚ್ಚರ. ಧೂಳಿನ ಸರಾಸರಿ ಸೊನ್ನೆ ಅಲ್ಲ. ನೆಗೆಟಿವ್‌ನಲ್ಲಿ ಧೂಳು ಯಾವಾಗಲೂ ಕಪ್ಪು. ಸರಾಸರಿ ತೆಗೆದರೆ ತೆಳು ನೆರಳು ಉಳಿಯುತ್ತದೆ. ಅದಕ್ಕೆ ವರ್ಗದ ಬದಲು ನೇರ ವ್ಯತ್ಯಾಸದಿಂದಲೇ ತಪ್ಪಿನ ಲೆಕ್ಕ ಹಾಕಿ. ಆಗ ಮಾಡೆಲ್ ಮಧ್ಯಾಂಕ ಹೇಳುತ್ತದೆ, ಅಂದರೆ ಎಲ್ಲ ಬೆಲೆಗಳನ್ನು ಸಾಲಾಗಿ ಇಟ್ಟರೆ ನಟ್ಟನಡುವೆ ಬರುವುದು. ಒಂದು ಜಾಗದಲ್ಲಿ ಅರ್ಧಕ್ಕಿಂತ ಕಡಿಮೆ ಸಲ ಧೂಳು ಬಿದ್ದಿದ್ದರೆ ಮಧ್ಯಾಂಕಕ್ಕೆ ಅದರ ಸುದ್ದಿಯೇ ಇಲ್ಲ. ನಾಯ್ಸ್2ನಾಯ್ಸ್‌ನವರು ಚಿತ್ರದ ಮೇಲೆ ಎರಚಿದ ಅಕ್ಷರಗಳನ್ನು ತೆಗೆದದ್ದು ಹೀಗೇ.

ಮಣಿಪಾಲ_ಮೈಕ್ರೋಸ್ಕೋಪ್ · ಸೋಮವಾರ ಸಂಜೆ

ತಿರುಗಿಸಿದರೆ ಎರಡು ಸ್ಕ್ಯಾನ್ ಕೂಡಿಸುವುದು ಹೇಗೆ? ಅರ್ಧ ಪಿಕ್ಸೆಲ್ ಆಚೀಚೆ ಆದರೂ ಮಾಡೆಲ್ ಮಸುಕು ಕಲಿಯುತ್ತದೆ. ಸಾಫ್ಟ್‌ವೇರಿನಲ್ಲಿ ಜರುಗಿಸಿ ಕೂಡಿಸಿದರೆ ಅಕ್ಕಪಕ್ಕದ ಪಿಕ್ಸೆಲ್ ಬೆರೆಯುತ್ತವೆ, ನಾಯ್ಸ್ ಕೂಡ ಬೆರೆಯುತ್ತದೆ. ಇದು ನಿಜವಾದ ತೊಂದರೆ. ನಾನು ಒಪ್ಪುವುದಿಲ್ಲ.

ಸುರತ್ಕಲ್_ಕಡಲು · ಸೋಮವಾರ ರಾತ್ರಿ

ಮೇಡಂ, ನಾಯ್ಸ್2ವಾಯ್ಡ್‌ಗೆ ನಾಯ್ಸ್ ಬೆರೆಯುವುದು ದೊಡ್ಡ ಪೆಟ್ಟು, ಯಾಕೆಂದರೆ ಪಕ್ಕದ ಪಿಕ್ಸೆಲ್ ನೋಡಿ ನಾಯ್ಸನ್ನೂ ಊಹಿಸಿಬಿಡುತ್ತದೆ. ಇಲ್ಲಿ ಹಾಗಲ್ಲ. ಒಂದು ಸ್ಕ್ಯಾನಿನ ಒಳಗೆ ನಾಯ್ಸ್ ಬೆರೆತರೂ ಪರವಾಗಿಲ್ಲ, ಎರಡು ಸ್ಕ್ಯಾನಿನ ನಾಯ್ಸ್‌ಗೆ ಪರಸ್ಪರ ಸಂಬಂಧ ಇರಬಾರದು ಅಷ್ಟೇ. ಜರುಗಿಸುವುದನ್ನು ಎರಡನೇ ಪ್ರತಿಗೆ ಮಾತ್ರ ಮಾಡಲಿ. ಮೊದಲನೆಯದನ್ನು ಇದ್ದ ಹಾಗೇ ಮಾಡೆಲ್‌ಗೆ ಕೊಡಲಿ.

ಸರಿಯಾಗಿ ಕೂಡದಿದ್ದರೆ ಮಸುಕು ಬರುತ್ತದೆ ಅಂದಿರಲ್ಲ, ಅದನ್ನು ಒಪ್ಪುತ್ತೇನೆ. 120 ಫಿಲ್ಮ್ ಬಾಗುತ್ತದೆ, ಇಡೀ ಚಿತ್ರಕ್ಕೆ ಒಂದೇ ಅಳತೆಯ ಜರುಗು ಸಾಲದು. ತುಂಡು ತುಂಡು ಮಾಡಿ ಕೂಡಿಸಬೇಕು. ಕೂಡದ ತುಂಡನ್ನು ಬಿಟ್ಟುಬಿಡಿ. ಒಂದು ನೆಗೆಟಿವ್‌ನಲ್ಲಿ 256 ಪಿಕ್ಸೆಲ್ ಅಗಲದ 400 ತುಂಡು ಸಿಗುತ್ತದೆ. 400 ನೆಗೆಟಿವ್‌ಗೆ 1,60,000. ಅರ್ಧ ಬಿಸಾಡಿದರೂ ಬೇಕಾದಷ್ಟಾಯಿತು.

ಮಣಿಪಾಲ_ಮೈಕ್ರೋಸ್ಕೋಪ್ · ಸೋಮವಾರ ರಾತ್ರಿ

ಇದು ಸರಿ. ಒಪ್ಪಿದೆ. ಇನ್ನೆರಡು ಮಾತು ಸೇರಿಸುತ್ತೇನೆ. ಸ್ಕ್ಯಾನನ್ನು 16 ಬಿಟ್ ಟಿಫ್‌ನಲ್ಲಿ ಉಳಿಸಿ. ಜೆಪೆಗ್ ಬೇಡವೇ ಬೇಡ, ಅದು 8×8 ಚೌಕದೊಳಗೆ ಎಲ್ಲವನ್ನೂ ಕಲಸುತ್ತದೆ. ಮತ್ತೆ ನೆಗೆಟಿವನ್ನು ಪಾಸಿಟಿವ್ ಮಾಡುವುದು, ಕಾಂಟ್ರಾಸ್ಟ್ ಏರಿಸುವುದು ಎಲ್ಲ ನಾಯ್ಸ್ ತೆಗೆದ ಮೇಲೆ. ಮೊದಲೇ ಮಾಡಿದರೆ ನಾಯ್ಸ್ ಒಂದು ಕಡೆಗೆ ವಾಲುತ್ತದೆ, ಸರಾಸರಿ ಸೊನ್ನೆ ಅನ್ನುವ ಬುಡವೇ ಹೋಗುತ್ತದೆ.

ಹಳೇ_ಅಚ್ಚು · ಮಂಗಳವಾರ

ಇದನ್ನು ಓದುತ್ತಾ ನನ್ನ ಕೆಲಸ ನೆನಪಾಯಿತು. ನಾನು ಬಲ್ಮಠದ ಆಸುಪಾಸಿನಲ್ಲಿ ಹಳೆಯ ಪುಸ್ತಕ ಸ್ಕ್ಯಾನ್ ಮಾಡುತ್ತೇನೆ. ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾದವು ಜಾಸ್ತಿ. ಅಚ್ಚಾದ ಪುಸ್ತಕಕ್ಕೆ ಎರಡನೇ ಪ್ರತಿ ಹುಟ್ಟಿನಿಂದಲೇ ಉಂಟಲ್ಲ! ಕಿಟೆಲರ 1894ರ ನಿಘಂಟಿನ ಅದೇ ಪುಟ ಇಲ್ಲೊಂದು, ಬೇರೆ ಊರಲ್ಲೊಂದು. ಇಲ್ಲಿಯದಕ್ಕೆ ಗೆದ್ದಲು, ಅಲ್ಲಿಯದಕ್ಕೆ ನೀರಿನ ಕಲೆ. ಕಲೆಗೂ ಕಲೆಗೂ ಸಂಬಂಧ ಇಲ್ಲ. ಅಕ್ಷರ ಮಾತ್ರ ಒಂದೇ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರದ ಮೊದಲ ಸಂಚಿಕೆಗಳಿಗೂ ಹೀಗೇ ಮಾಡಬಹುದಾ? ಮೊಳೆ ಒತ್ತಿದ ಅಕ್ಷರ ಒಂದೇ ಥರ ಇರುತ್ತದೆ, ಸುಲಭ ಆಗಬೇಕು.

ಕುಂದಾಪ್ರ_ಅಕ್ಕ · ಮಂಗಳವಾರ

1843ರ ಮಂಗಳೂರ ಸಮಾಚಾರ ಮೊಳೆ ಅಚ್ಚು ಅಲ್ಲ, ಕಲ್ಲಚ್ಚು. ಬಾಸೆಲ್ ಮಿಶನ್ನಿನ ಪಾದ್ರಿ ಮೋಗ್ಲಿಂಗ್ ತೆಗೆದದ್ದು. ಕೈಬರಹವನ್ನೇ ಕಲ್ಲಿಗೆ ಇಳಿಸುವುದು. ಒಂದು ಪುಟದಲ್ಲಿ ಎರಡು "ಕ" ಒಂದೇ ಥರ ಇರುವುದಿಲ್ಲ.

ಹಳೇ_ಅಚ್ಚು · ಮಂಗಳವಾರ

ಹೌದು ಅಕ್ಕ, ತಪ್ಪಾಯಿತು. ಆದರೆ ಒಂದೇ ಕಲ್ಲಿನಿಂದ ತೆಗೆದ ಎರಡು ಪ್ರತಿ ಒಂದೇ ಥರ ಇರುತ್ತವೆ. ಲೆಕ್ಕ ಕೆಡುವುದಿಲ್ಲ.

ಮುಂಡಾಸು_ಪ್ರಿಯ · ಮಂಗಳವಾರ

ಮಾಣಿ, ಒಂದೆರಡು ಫೋಟೋ ಹಾಕಿ ನೋಡುವ. ಯಾವ ಮೇಳ ಅಂತ ಹೇಳಬಲ್ಲೆ.

ಕಲ್ಯಾಣಪುರ_ಮಾಣಿ · ಬುಧವಾರ

ಫ್ರೇಮ್ 37 ಮತ್ತು 212 ಹಾಕಿದ್ದೇನೆ. 37ರ ಮೇಲೆ ಅಜ್ಜ ಪೆನ್ಸಿಲಿನಲ್ಲಿ "ಅಭಿಮನ್ಯು" ಅಂತ ಬರೆದಿದ್ದಾರೆ. 212ರಲ್ಲಿ ಬಣ್ಣದ ವೇಷ, ಹೆಸರಿಲ್ಲ. ಮುಖದ ಎಡ ಅರ್ಧವನ್ನು ಬೂಷ್ಟು ಪೂರ್ತಿ ತಿಂದಿದೆ.

ಮುಂಡಾಸು_ಪ್ರಿಯ · ಬುಧವಾರ

37 ಬಡಗು, ಉತ್ತರದ ಶೈಲಿ. ತಲೆಯ ಕೇದಗೆ ಮುಂದಲೆ ನೋಡಿ, ಪಟ್ಟಿ ಸುತ್ತಿದ ಓರೆ ಹೇಗೆ ಹೊಳೆಯುತ್ತದೆ. ಅಜ್ಜನ ಕೈ ದೊಡ್ಡದು. ಆ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಕುಣಿಯುವವನನ್ನು ಹೀಗೆ ನಿಲ್ಲಿಸುವುದು ಸುಲಭ ಅಲ್ಲ. 212 ತೆಂಕು. ಚುಟ್ಟಿ ಬಲಬದಿಯಲ್ಲಿ ಎಣಿಸಬಹುದು, ಕೆನ್ನೆಯ ಅಂಚಿನಲ್ಲೇ ಒಂಬತ್ತು ಉಂಟು. ನಿಮ್ಮ ಮಾಡೆಲ್ ಓಡಿದ ಮೇಲೂ ಒಂಬತ್ತೇ ಇರಬೇಕು!

ಸ್ಟುಡಿಯೋ_ಬಿಜೈ · ಬುಧವಾರ

ಮುಖ ಬಿಳಿ ಇದ್ದಲ್ಲಿ ನೆಗೆಟಿವ್ ಗಟ್ಟಿ ಕಪ್ಪು. ಅಲ್ಲಿ ಸ್ಕ್ಯಾನರಿನ ಬೆಳಕು ದಾಟುವುದು ಕಡಿಮೆ. ನಾಯ್ಸ್ ಜಾಸ್ತಿ ಬರುವುದೂ ಅಲ್ಲೇ. ಚುಟ್ಟಿ ಇರುವುದೂ ಅಲ್ಲೇ. ಪರೀಕ್ಷೆ ಮಾಡುವುದಾದರೆ ಆ ಕೆನ್ನೆಯ ಮೇಲೆಯೇ ಮಾಡಿ.

ಕೋಡ್_ಕೊಟ್ಟಾರ · ಬುಧವಾರ

ಸ್ವಚ್ಛ ಚಿತ್ರವೇ ಇಲ್ಲದೆ ಪರೀಕ್ಷೆ ಹೇಗೆ ಮಾಡುವುದು? ಯಾವುದಕ್ಕೆ ಹೋಲಿಸುವುದು?

ಮಣಿಪಾಲ_ಮೈಕ್ರೋಸ್ಕೋಪ್ · ಬುಧವಾರ

ಮೂರನೇ ಸ್ಕ್ಯಾನಿಗೆ ಹೋಲಿಸಿ. ಅದನ್ನು ಟ್ರೈನಿಂಗಿನಲ್ಲಿ ಬಳಸಿರಬಾರದು. ಅದರಲ್ಲೂ ನಾಯ್ಸ್ ಇದೆ ನಿಜ. ಆದರೆ ಆ ನಾಯ್ಸ್ ಎಲ್ಲ ಮಾಡೆಲ್‌ಗಳ ತಪ್ಪಿಗೂ ಒಂದೇ ಮೊತ್ತ ಸೇರಿಸುತ್ತದೆ. ಯಾವುದು ಮೇಲು ಯಾವುದು ಕೀಳು ಅನ್ನುವ ಸಾಲು ಬದಲಾಗುವುದಿಲ್ಲ. ಹತ್ತು ನೆಗೆಟಿವ್‌ಗೆ 16 ಸಲ ಸ್ಕ್ಯಾನ್ ಮಾಡಿ ಸರಾಸರಿ ತೆಗೆದರೆ ಇನ್ನೂ ಒಳ್ಳೆಯದು. ನಾಯ್ಸ್ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ.

ಅದಕ್ಕಿಂತ ಮುಖ್ಯ ಕಣ್ಣಿನ ಪರೀಕ್ಷೆ. ಮಾಡೆಲ್‌ಗೆ ಕೊಟ್ಟ ಚಿತ್ರದಿಂದ ಅದು ಕೊಟ್ಟ ಚಿತ್ರವನ್ನು ಕಳೆಯಿರಿ. ಉಳಿದದ್ದು ಮಾಡೆಲ್ ಬಿಸಾಡಿದ ಕಸ. ಅದನ್ನು ದೊಡ್ಡದು ಮಾಡಿ ನೋಡಿ. ಬರೀ ಮರಳಿನ ಹಾಗೆ ಕಂಡರೆ ಸರಿ. ಅದರಲ್ಲಿ ಮುಂದಲೆಯ ಅಂಚೋ ಕಣ್ಣಿನ ಗೆರೆಯೋ ಕಂಡರೆ ಮಾಡೆಲ್ ಚಿತ್ರವನ್ನು ತಿನ್ನುತ್ತಿದೆ ಅಂತ ಅರ್ಥ.

ಕಲ್ಯಾಣಪುರ_ಮಾಣಿ · ಎರಡು ವಾರದ ನಂತರ

ಮೊದಲ ವರದಿ. 60 ನೆಗೆಟಿವ್ ಎರಡೆರಡು ಸಲ, ನೀವು ಹೇಳಿದ ಹಾಗೆ ತಿರುಗಿಸಿ ಸ್ಕ್ಯಾನ್ ಮಾಡಿದೆ. ಮಾಡೆಲ್ ಸಾಧಾರಣ ಯು-ನೆಟ್, ಚಿತ್ರದ ಕೆಲಸಕ್ಕೆ ಎಲ್ಲರೂ ಬಳಸುವಂಥದು. ಎರಡೂ ದಾರಿ ನೋಡಿದೆ.

ನಾಯ್ಸ್2ವಾಯ್ಡ್: ನಾಯ್ಸ್ ಸ್ವಲ್ಪ ಹೋಯಿತು, ಆದರೆ ಸ್ಕ್ಯಾನರಿನ ಪಟ್ಟೆ ಹಾಗೇ ಉಳಿಯಿತು. ರಂಗಸ್ಥಳ ಪೂರ್ತಿ ಇರುವ ಫೋಟೋದಲ್ಲಿ ಚುಟ್ಟಿ ಮಂಕಾಯಿತು. ಕಳೆದು ಉಳಿದ ಚಿತ್ರ ನೋಡಿದರೆ ಕೆನ್ನೆಯ ಚುಕ್ಕಿಗಳ ಸಾಲು ಅದರಲ್ಲಿ ಎದ್ದು ಕಾಣುತ್ತಿತ್ತು. ಮುಂಡಾಸು ಅಣ್ಣ ಹೇಳಿದ್ದೇ ಆಯಿತು.

ನಾಯ್ಸ್2ನಾಯ್ಸ್: ಪಟ್ಟೆ ಹೋಯಿತು. ಗಾಜಿನ ಧೂಳು ಹೋಯಿತು. ಕಸೆ ಸೀರೆಯ ಚೌಕುಳಿ ಬಂತು. ಕಳೆದು ಉಳಿದ ಚಿತ್ರದಲ್ಲಿ ಬರೀ ಮರಳು. 212ರ ಕೆನ್ನೆಯಲ್ಲಿ ಒಂಬತ್ತೂ ಇವೆ.

ಫಿಲ್ಮಿನ ಗ್ರೇನ್ ಮಾತ್ರ ಹೋಗಲಿಲ್ಲ.

ಸ್ಟುಡಿಯೋ_ಬಿಜೈ · ಅದೇ ದಿನ

ಗ್ರೇನ್ ಹೋಗಬಾರದು. ಅದು ಬೆಳ್ಳಿ. ಚಿತ್ರ ಆಗಿರುವುದೇ ಅದರಿಂದ. ಅಜ್ಜ ಆರಿಸಿದ ಫಿಲ್ಮಿನ ಗುರುತು ಅದು.

ಮುಂಡಾಸು_ಪ್ರಿಯ · ಅದೇ ದಿನ

ಒಂಬತ್ತು! ಇವತ್ತು ನಿದ್ದೆ ಚೆನ್ನಾಗಿ ಬರುತ್ತದೆ.

ಸುರತ್ಕಲ್_ಕಡಲು · ಅದೇ ದಿನ

ಈಗ ಬೂಷ್ಟು. ಇದನ್ನು ಯೋಚನೆ ಮಾಡಿಯೇ ಇಟ್ಟಿದ್ದೆ. 400ರಲ್ಲಿ ಒಂದೂ ಪೂರ್ತಿ ಸ್ವಚ್ಛ ಇಲ್ಲ ಅಂದಿರಿ. ಆದರೆ ಬೂಷ್ಟು ಎಲ್ಲದರಲ್ಲೂ ಒಂದೇ ಜಾಗದಲ್ಲಿ ಇಲ್ಲ ಅಲ್ವಾ? ಒಂದರಲ್ಲಿ ಮುಖ ಹಾಳು, ಸೊಂಟ ಚೆನ್ನಾಗಿದೆ. ಇನ್ನೊಂದರಲ್ಲಿ ಸೊಂಟ ಹಾಳು, ಮುಖ ಚೆನ್ನಾಗಿದೆ. ತುಂಡು ತುಂಡಾಗಿ ನೋಡಿದರೆ ಸ್ವಚ್ಛ ಚಿತ್ರ ನಿಮ್ಮ ಟ್ರಂಕಿನಲ್ಲೇ ಉಂಟು.

ಮಾಡುವುದು ಹೀಗೆ. ಫ್ರೇಮಿನ ನಡುವಿನ ಖಾಲಿ ಪಟ್ಟಿ ಸ್ಕ್ಯಾನ್ ಮಾಡಿ. ಅಲ್ಲಿ ಚಿತ್ರ ಇಲ್ಲ, ಬೂಷ್ಟು ಮಾತ್ರ ಇದೆ. ಅದರ ಆಕಾರ, ಕವಲು, ಗಾಢತೆ ಎಲ್ಲ ಅಲ್ಲಿ ಸಿಗುತ್ತದೆ. ನಿಮ್ಮ ಟ್ರಂಕಿನದೇ ಬೂಷ್ಟು, ಇಂಟರ್ನೆಟ್ಟಿನದಲ್ಲ. ಅದನ್ನು ಕತ್ತರಿಸಿ ಚೆನ್ನಾಗಿರುವ ಜಾಗಗಳ ಮೇಲೆ ಅಂಟಿಸಿ, ಅಡಿಯಲ್ಲಿ ಏನಿತ್ತು ಹೇಳು ಅಂತ ಮಾಡೆಲ್‌ಗೆ ಕೇಳಿ. ಅಸಲಿ ಬೂಷ್ಟು ಇರುವ ಜಾಗವನ್ನು ಕೈಯಲ್ಲಿ ಗುರುತು ಮಾಡಿ, ಅಲ್ಲಿಯ ತಪ್ಪನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಇಲ್ಲದಿದ್ದರೆ ಬೂಷ್ಟು ಬಿಡಿಸುವುದನ್ನೂ ಕಲಿತುಬಿಡುತ್ತದೆ. ಹಾಳಾದದ್ದನ್ನು ಇನ್ನೂ ಸ್ವಲ್ಪ ಹಾಳು ಮಾಡಿ ಕಲಿಸುವ ಈ ಯುಕ್ತಿ ಹೊಸದಲ್ಲ. 2023ರ ಆಂಬಿಯೆಂಟ್ ಡಿಫ್ಯೂಷನ್ ಅನ್ನುವ ವಿಧಾನ ಕೂಡ ಇದೇ ನೆಲೆಯದು.

ಕುಂದಾಪ್ರ_ಅಕ್ಕ · ಮರುದಿನ

ಗುರುತು ಮಾಡುವ ಕೆಲಸಕ್ಕೆ ನಾನು ಬರುತ್ತೇನೆ. ದಿನಕ್ಕೆ ಹತ್ತು ಮಾಡಬಲ್ಲೆ.

ಆದರೆ ಒಂದು ಕೇಳಬೇಕು. ತೆಳು ಎಳೆ ಎಳೆ ಬೂಷ್ಟಾದರೆ ಎರಡೂ ಬದಿ ನೋಡಿ ತುಂಬಬಹುದು. 212ರಲ್ಲಿ ಅರ್ಧ ಮುಖವೇ ಇಲ್ಲ. ಅಲ್ಲಿ ಮಾಡೆಲ್ ಏನು ಮಾಡಿದರೂ ಅದು ನಮ್ಮ ಅಜ್ಜಿಯ ಕಥೆಯೇ ಅಲ್ವಾ?

ಕೋಡ್_ಕೊಟ್ಟಾರ · ಮರುದಿನ

ಮುಖ ಎರಡು ಬದಿ ಒಂದೇ ಥರ ಬರೆದಿರುತ್ತಾರೆ. ಬಲಬದಿಯನ್ನು ಮಗುಚಿ ಹಾಕಿದರೆ? ಮನೆಯವರಿಗೆ ಪೂರ್ತಿ ಮುಖ ಬೇಕು ಅನ್ನುವುದೂ ನ್ಯಾಯವೇ.

ಮುಂಡಾಸು_ಪ್ರಿಯ · ಮರುದಿನ

ಒಂದೇ ಥರ ಬರೆಯುವುದಿಲ್ಲ. ಕನ್ನಡಿ ಹಿಡಿದು ತಾವೇ ಬರೆದುಕೊಳ್ಳುವುದು, ಕೈ ಹೋಗುವ ರೀತಿ ಬೇರೆ. ಆ ಚೂರು ವ್ಯತ್ಯಾಸದಲ್ಲೇ ಯಾರ ಕೈ ಅಂತ ನಮಗೆ ಗೊತ್ತಾಗುವುದು. ಮಗುಚಿ ಹಾಕಿದರೆ ಅದು ಆ ವೇಷ ಅಲ್ಲ.

ಸುರತ್ಕಲ್_ಕಡಲು · ಮರುದಿನ

ತಾಂತ್ರಿಕವಾಗಿಯೂ ಅಕ್ಕನ ಮಾತೇ ಸರಿ. ಬೂಷ್ಟಿನ ಅಗಲ ಒಂದು ಮಿತಿ ದಾಟಿದರೆ ತುಂಬಬೇಡ ಅಂತ ನಿಯಮ ಇಡಿ. ಅಲ್ಲಿ ಬೂದು ಬಣ್ಣ ಬಿಟ್ಟುಬಿಡಿ.

ಸ್ಟುಡಿಯೋ_ಬಿಜೈ · ಮರುದಿನ

ಮಾಣಿ, ನನಗೊಂದು ಹೊಳೆಯುತ್ತಿದೆ. ಆ ಕಾಲದಲ್ಲಿ ವೇಷದ ಫೋಟೋ ತೆಗೆದರೆ ಒಂದು ಪ್ರಿಂಟ್ ವೇಷಧಾರಿಗೆ ಕೊಡುವುದು ವಾಡಿಕೆ. ನಾನೂ ಕೊಟ್ಟಿದ್ದೇನೆ. ನೆಗೆಟಿವ್‌ಗೆ ಬೂಷ್ಟು ಹಿಡಿದದ್ದು ಆಮೇಲೆ. ಪ್ರಿಂಟ್ ಹಾಕುವಾಗ ಮುಖ ಪೂರ್ತಿ ಇತ್ತು. 212ರ ಮನೆ ಗೊತ್ತಾದರೆ ಹೋಗಿ ಕೇಳಿ.

ಹಳೇ_ಅಚ್ಚು · ಮರುದಿನ

ಇದೇ! ಎರಡನೇ ಪ್ರತಿ ಇರುವುದು ಸ್ಕ್ಯಾನರಿನಲ್ಲಲ್ಲ, ಅವರ ಗೋಡೆಯ ಮೇಲೆ.

ಕಲ್ಯಾಣಪುರ_ಮಾಣಿ · ಮೂರು ವಾರದ ನಂತರ

ಮುಂಡಾಸು ಅಣ್ಣ ಫೋಟೋವನ್ನು ನಾಲ್ಕು ಜನರಿಗೆ ತೋರಿಸಿ ಮನೆ ಪತ್ತೆ ಮಾಡಿದರು. ನಿನ್ನೆ ಇಬ್ಬರೂ ಹೋಗಿದ್ದೆವು. ವೇಷಧಾರಿಯ ಮಗಳಿಗೆ ಈಗ ಎಪ್ಪತ್ತರ ಹತ್ತಿರ. ದೇವರಕೋಣೆಯ ಪಕ್ಕದ ಗೋಡೆಯಿಂದ ಚೌಕಟ್ಟು ಇಳಿಸಿ ಕೊಟ್ಟರು. ಅಂಗೈಗಿಂತ ಸ್ವಲ್ಪ ದೊಡ್ಡ ಪ್ರಿಂಟ್. ಕೆಳಗಿನ ಅರ್ಧಕ್ಕೆ ನೀರಿಳಿದು ಕಾಲ ಗೆಜ್ಜೆ ಕಾಣುವುದಿಲ್ಲ, ಬಲಗಣ್ಣಿನ ಹತ್ತಿರ ಗೆದ್ದಲಿನ ತೂತು. ಎಡ ಕೆನ್ನೆ ಪೂರ್ತಿ ಉಂಟು. ಗೆಜ್ಜೆ ಮತ್ತು ಬಲಗಣ್ಣು ನನ್ನ ನೆಗೆಟಿವ್‌ನಲ್ಲಿ ಉಂಟು.

ಹಿಂದೆ ಅಜ್ಜನ ಅಕ್ಷರದಲ್ಲಿ ತಾರೀಕು, ಊರು, ಪ್ರಸಂಗ ಇದೆ. ಅವರ ಮನೆಯಲ್ಲೇ ಸ್ಕ್ಯಾನ್ ಮಾಡಿ ಚೌಕಟ್ಟು ವಾಪಸು ಕೊಟ್ಟೆ. ಪ್ರಿಂಟಿನ ಕಾಂಟ್ರಾಸ್ಟ್ ಬೇರೆ, ಕಾಗದ ಉಬ್ಬಿದೆ. ಕೂಡಿಸುವುದಕ್ಕೆ ಕಡಲು ಮತ್ತು ಮೈಕ್ರೋಸ್ಕೋಪ್ ಮೇಡಂ ಸಹಾಯ ಬೇಕು. ಉಳಿದ 399ಕ್ಕೆ ಮನೆ ಹುಡುಕಲು ಎಲ್ಲರ ಸಹಾಯ ಬೇಕು. ಫ್ರೇಮ್ ಸಂಖ್ಯೆ ಹಾಕಿ ಇವತ್ತು ರಾತ್ರಿಯಿಂದ ಹತ್ತತ್ತು ಹಾಕುತ್ತೇನೆ.

ಮುಂಡಾಸು_ಪ್ರಿಯ · ಅದೇ ದಿನ

ಎಡ ಕೆನ್ನೆಯಲ್ಲಿ ಎಣಿಸಿದೆ. ಹನ್ನೊಂದು.